ಮಾರಾಟಕ್ಕಿಲ್ಲದ ಬೆಂಚುಗಳು

ಚಿಲಿಯ ರಾಜಧಾನಿ ಸ್ಯಾಂಟಿಯಾಗೊದ ರಾಷ್ಟ್ರೀಯ ಕ್ರೀಡಾಂಗಣ 1938ರ ಡಿಸೆಂಬರ್ 3ರಂದು ಉದ್ಘಾಟನೆಗೊಂಡಿತು. 1962ರ ವಿಶ್ವಕಪ್‌ ಫೈನಲ್‌ನಲ್ಲಿ ಬ್ರೆಜಿಲ್ ಇಲ್ಲಿಯೇ ಚೆಕೊಸ್ಲೊವಾಕಿಯಾವನ್ನು 3–1ರಿಂದ ಮಣಿಸಿತು; ಮೂರನೇ ಸ್ಥಾನ ಗಳಿಸಿದ ಚಿಲಿ ಸಂಭ್ರಮಿಸಿದ್ದೂ ಇಲ್ಲಿಯೇ. ಹನ್ನೊಂದು ವರ್ಷಗಳ ಬಳಿಕ, 1973ರ ಸೆಪ್ಟೆಂಬರ್ 11ರಂದು, ಸೇನೆ ಅಧಿಕಾರ ಕಸಿದುಕೊಂಡಿತು. ಪದಚ್ಯುತ ಅಧ್ಯಕ್ಷ ಅಲೆಂದೆ ಸರ್ಕಾರದ ಬೆಂಬಲಿಗರೆಂದು ಹಿಡಿದು ತಂದ ಸಾವಿರಾರು ಜನರಿಗೆ ಇದೇ ಕ್ರೀಡಾಂಗಣ ಸೆರೆಮನೆಯಾಯಿತು. ಗಂಡಸರನ್ನು ಗ್ಯಾಲರಿಗಳ ಕೆಳಗಿನ ಕೋಣೆಗಳಲ್ಲಿ ತುಂಬಿದರು, ಹೆಂಗಸರನ್ನು ಈಜುಕೊಳದ ಬಟ್ಟೆ ಬದಲಿಸುವ ಕೋಣೆಯಲ್ಲಿ ಕೂಡಿಹಾಕಿದರು. ಚಿತ್ರಹಿಂಸೆ ನಡೆಯಿತು, ಕೊಲೆಗಳೂ ನಡೆದವು.

ಆಗ ಫುಟ್‌ಬಾಲ್ ಲೋಕ ನಡೆದುಕೊಂಡ ರೀತಿ ನಾಚಿಕೆಗೇಡಿನದು. ಕೈದಿಗಳು ಇನ್ನೂ ಒಳಗಿದ್ದಾಗಲೇ ಫಿಫಾ ನಿಯೋಗ ಬಂದು ನೋಡಿ, ಅಲ್ಲಿ ನಡೆಯಬೇಕಿದ್ದ ವಿಶ್ವಕಪ್ ಅರ್ಹತಾ ಪಂದ್ಯಕ್ಕೆ ಅಡ್ಡಿಯಿಲ್ಲ ಎಂದಿತು. ರಕ್ತ ಹರಿದ ನೆಲದಲ್ಲಿ ಆಡಲು ಎದುರಾಳಿ ಸೋವಿಯತ್ ಒಕ್ಕೂಟ ಒಪ್ಪಲಿಲ್ಲ. ನವೆಂಬರ್ 21ರಂದು ಚಿಲಿ ಆಟಗಾರರು ಎದುರಾಳಿಯೇ ಇಲ್ಲದ ಮೈದಾನದಲ್ಲಿ ಚೆಂಡು ಒಯ್ದರು. ನಾಯಕ ಫ್ರಾನ್ಸಿಸ್ಕೊ ವಾಲ್ಡೆಸ್ ಅದನ್ನು ಖಾಲಿ ಗೋಲಿಗೆ ತಳ್ಳಿದರು. ಚಿಲಿ 1974ರ ವಿಶ್ವಕಪ್‌ಗೆ ಅರ್ಹತೆ ಪಡೆಯಿತು.

ಇಂಥ ಜಾಗವನ್ನು ಏನು ಮಾಡಬೇಕು? ಕೆಡವಿದರೆ ಸಾಕ್ಷ್ಯ ಅಳಿಯುತ್ತದೆ. ಪೂರ್ತಿ ವಸ್ತುಸಂಗ್ರಹಾಲಯ ಮಾಡಿದರೆ ಅದನ್ನು ಹುಡುಕಿಕೊಂಡು ಬರುವವರು ಆಗಲೇ ನೆನಪಿಟ್ಟವರು ಮಾತ್ರ. ಚಿಲಿ ಮೂರನೆಯ ದಾರಿ ಹಿಡಿಯಿತು. 1990ರಲ್ಲಿ ಪ್ರಜಾಪ್ರಭುತ್ವ ಮರಳಿದಾಗ ಹೊಸ ಅಧ್ಯಕ್ಷ ಐಲ್ವಿನ್ ಜನರನ್ನು ಸೇರಿಸಿದ್ದು ಇಲ್ಲಿಯೇ. 2003ರಲ್ಲಿ ಕ್ರೀಡಾಂಗಣ ರಾಷ್ಟ್ರೀಯ ಸ್ಮಾರಕವಾಯಿತು. ಮುಂದೆ ನವೀಕರಣದಲ್ಲಿ ಸುತ್ತಲೂ ಹೊಸ ಕುರ್ಚಿಗಳು ಬಂದರೂ, ಎಂಟನೇ ದ್ವಾರದ ಹಳೆಯ ಮರದ ಬೆಂಚುಗಳನ್ನು ಕೈದಿಗಳ ನೆನಪಿಗಾಗಿ ಹಾಗೆಯೇ ಬಿಟ್ಟರು. ಅಲ್ಲಿ ಯಾರೂ ಕೂರುವುದಿಲ್ಲ. 2015ರಲ್ಲಿ ಚಿಲಿ ಅರ್ಜೆಂಟೀನಾವನ್ನು ಸೋಲಿಸಿ ಮೊದಲ ಬಾರಿ ಕೋಪಾ ಅಮೆರಿಕ ಗೆದ್ದ ರಾತ್ರಿಯೂ ಆ ಬೆಂಚುಗಳು ಗೋಲಿನ ಹಿಂದೆ ಎಲ್ಲರಿಗೂ ಕಾಣುತ್ತಿದ್ದವು.

ಈ ವ್ಯವಸ್ಥೆಯ ಬಲವಿರುವುದೇ ಇಲ್ಲಿ: ಆಟ ನೋಡಲು ಬಂದ ಹುಡುಗನಿಗೂ ಪ್ರಶ್ನೆ ಏಳುತ್ತದೆ, ಅದಕ್ಕೆ ಮನೆಯವರು ಉತ್ತರ ಹೇಳಬೇಕಾಗುತ್ತದೆ. ಕೊರತೆಯೂ ಇದೆ. ಸೇನೆಯ ಅಪರಾಧಕ್ಕೆ ಸ್ಮಾರಕವಿದೆ. ಆದರೆ ಕಣ್ಣುಮುಚ್ಚಿದ ಫುಟ್‌ಬಾಲ್ ಆಡಳಿತದ ದಾಖಲೆಯಲ್ಲಿ ಆ ಎದುರಾಳಿಯಿಲ್ಲದ ಪಂದ್ಯ ಚಿಲಿಗೆ 2–0 ಗೆಲುವಾಗಿ ಉಳಿದಿದೆ. ಚಿಲಿ ತನ್ನ ತಪ್ಪು ಒಪ್ಪಿಕೊಂಡಿದೆ. ಫಿಫಾ ಕೂಡ ಒಪ್ಪಿಕೊಳ್ಳಬೇಕು.