ಕೂರಕ್ಕಲ್ಲ, ಕೂರ್ಸಕ್ಕೆ

ನಮ್ಮ ಮನೆಗೆ ಮೊದಲ ಕುರ್ಚಿ ಬಂದಾಗ ನಾನು ಮೂರನೇ ಕ್ಲಾಸಿನಲ್ಲಿದ್ದೆ. ಕಬ್ಬಿಣದ್ದು, ಮಡಚುವಂಥದ್ದು. ಅಪ್ಪ ಅದನ್ನು ಕಡೂರಿನಿಂದ ಬಸ್ಸಿನ ಟಾಪಿನ ಮೇಲೆ ಹಾಕಿಸಿಕೊಂಡು ತಂದಿದ್ದರು. ಅದರ ಮೇಲೆ ನಾವು ಯಾರೂ ಕೂರುತ್ತಿರಲಿಲ್ಲ. ಮಡಚಿ ಗೋಡೆಗೆ ಒರಗಿಸಿಟ್ಟಿರುತ್ತಿದ್ದರು. ಶಾಲೆಯ ಮೇಷ್ಟ್ರೋ ಸೊಸೈಟಿ ಸೆಕ್ರೆಟರಿಯೋ ಬಂದರೆ ಬಿಚ್ಚಿ, ಟವಲಿನಿಂದ ಒರೆಸಿ ಹಾಕುತ್ತಿದ್ದರು. ಒಂದು ಮಧ್ಯಾಹ್ನ ಅಜ್ಜಿಯ ಕೈ ಹಿಡಿದು ಅದರ ಮೇಲೆ ಕೂರಿಸಲು ಎಳೆದೆ. 'ಬ್ಯಾಡ ಬುಡು ಮಗ, ಅದು ಕೂರಕ್ಕಲ್ಲ, ಕೂರ್ಸಕ್ಕೆ' ಅಂದಳು.

ಕನ್ನಡ ವ್ಯಾಕರಣದ ಪ್ರೇರಣಾರ್ಥಕ ಕ್ರಿಯಾಪದಗಳನ್ನು ಆಮೇಲೆ ನಾನು ಎಷ್ಟೋ ಸಲ ಓದಿದ್ದೇನೆ. ಅಜ್ಜಿಯ ಈ ಮಾತಿಗಿಂತ ಒಳ್ಳೆಯ ಉದಾಹರಣೆ ಸಿಕ್ಕಿಲ್ಲ. ಈ ಲೇಖನವೂ ಅದೇ ಮಾತಿನ ಬೆನ್ನು ಹಿಡಿದು ಹೊರಟಿದೆ.

ಪದಗಳ ಮೂಲ ಹುಡುಕುವುದು ಕನ್ನಡಿಗರಿಗೆ ಇಷ್ಟದ ಕೆಲಸ. ಪಾವೆಂ ಆಚಾರ್ಯರ 'ಪದಾರ್ಥ ಚಿಂತಾಮಣಿ', ಜಿ. ವೆಂಕಟಸುಬ್ಬಯ್ಯನವರ 'ಇಗೋ ಕನ್ನಡ' ಅದಕ್ಕೆ ಒಳ್ಳೆಯ ದಾರಿ ಹಾಕಿಕೊಟ್ಟಿವೆ. ಆದರೆ ಇತ್ತೀಚೆಗೆ ಈ ಆಸಕ್ತಿ ಒಂದು ಪಟ್ಟಿಯಾಗಿ ಮುಗಿದುಬಿಡುತ್ತಿದೆ: ಇದು ಪಾರಸಿ, ಇದು ಪೋರ್ಚುಗೀಸ್, ಇದು ಅಚ್ಚಗನ್ನಡ. ಪಟ್ಟಿ ಓದಿದವರು 'ಓಹೋ' ಅನ್ನುತ್ತಾರೆ, ಇಲ್ಲವೇ ನಮ್ಮದನ್ನು ಬಿಟ್ಟು ಪರರದ್ದು ತಂದೆವಲ್ಲ ಎಂದು ಬೇಸರಪಡುತ್ತಾರೆ. ಪದ ಎಲ್ಲಿಂದ ಬಂತು ಎನ್ನುವುದು ಅರ್ಧ ಪ್ರಶ್ನೆ ಮಾತ್ರ. ಬಂದ ಪದ ಇಲ್ಲಿ ಯಾರನ್ನು ಕೂರಿಸಿತು, ಯಾರನ್ನು ನಿಲ್ಲಿಸಿತು ಎನ್ನುವುದು ಉಳಿದರ್ಧ. ಕುರ್ಚಿಯ ಮಟ್ಟಿಗಂತೂ ಇದು ಅಕ್ಷರಶಃ ನಿಜ.

ಮೊದಲು ಆ ಮೊದಲರ್ಧವನ್ನೇ ನೋಡೋಣ. 'ಕುರ್ಚಿ'ಯ ಹಿಂದೆ ಇರುವುದು ಅರಬ್ಬಿಯ 'ಕುರ್ಸೀ'. ಅದು ಪಾರಸಿಗೆ ಬಂದು, ಆಡಳಿತದ ಭಾಷೆಯ ಜೊತೆ ಭಾರತದ ಉದ್ದಗಲಕ್ಕೂ ಹರಡಿತು. ಹಿಂದಿ, ಉರ್ದುಗಳಲ್ಲಿ ಸಕಾರ ಹಾಗೇ ಉಳಿದು 'ಕುರ್ಸಿ' ಆಯಿತು. ಮರಾಠಿಯ 'ಖುರ್ಚಿ', ತೆಲುಗಿನ 'ಕುರ್ಚೀ', ನಮ್ಮ 'ಕುರ್ಚಿ' ಮೂರರಲ್ಲೂ ಸಕಾರ ಚಕಾರವಾಗಿದೆ. ಅರಬ್ಬಿಯಿಂದಲೂ ಹಿಂದಕ್ಕೆ ಹೋದರೆ ಅರಾಮಿಕ್, ಅದರ ಹಿಂದೆ ಮೆಸೊಪೊಟೇಮಿಯಾದ ಅಕ್ಕಾಡಿಯನ್ ಭಾಷೆಯ 'ಕುಸ್ಸು', ಅದಕ್ಕೂ ಹಿಂದೆ ಸುಮೇರಿಯನ್ನರ 'ಗುಜಾ'. ಅಲ್ಲಿ ಆ ಪದ ರಾಜರ, ದೇವರ ಸಿಂಹಾಸನಕ್ಕೂ ಸಲ್ಲುತ್ತಿತ್ತು. ಕುರಾನಿನ ಎರಡನೇ ಅಧ್ಯಾಯದ 255ನೇ ವಚನಕ್ಕೆ 'ಆಯತುಲ್ ಕುರ್ಸಿ' ಎಂಬ ಹೆಸರು ಬಂದಿರುವುದೂ ಇದೇ ಪದದಿಂದ. ಅಲ್ಲಿ ಹೇಳಿರುವುದು ಭೂಮಿ ಆಕಾಶಗಳನ್ನು ವ್ಯಾಪಿಸಿರುವ ಪೀಠವೊಂದರ ಬಗ್ಗೆ. ಪೂರ್ವಕ್ಕೆ ಹಡಗು ಹತ್ತಿದ ಇದೇ ಪದ ಇಂಡೊನೇಷ್ಯಾದಲ್ಲಿ 'ಕುರ್ಸಿ', ಮಲೇಷ್ಯಾದಲ್ಲಿ 'ಕೆರುಸಿ' ಆಗಿ ಇಂದಿಗೂ ಮನೆಮಾತಾಗಿದೆ.

ಇನ್ನೊಂದು ದಾರಿ ನನಗೆ ಹಾಸ್ಟೆಲಿನಲ್ಲಿ ಸಿಕ್ಕಿತು. ಮಂಗಳೂರಿನ ಕ್ಯಾಥೊಲಿಕ್ ಗೆಳೆಯನೊಬ್ಬ ಮನೆಗೆ ಫೋನ್ ಮಾಡಿ ಮಾತಾಡುವಾಗ ಕುರ್ಚಿಗೆ 'ಕದೆಲ್' ಅನ್ನುತ್ತಿದ್ದ. ಅದು ಪೋರ್ಚುಗೀಸರ 'ಕಾದೇರ'. 1510ರಲ್ಲಿ ಬಿಜಾಪುರದ ಆದಿಲಶಾಹಿಯ ಕೈಯಿಂದ ಗೋವಾ ಪೋರ್ಚುಗೀಸರ ಪಾಲಾಯಿತು. ಆಮೇಲೆ ಗೋವಾದಿಂದ ಕೆನರಾಕ್ಕೆ ವಲಸೆ ಬಂದವರ ಕೊಂಕಣಿಯಲ್ಲಿ ಆ ಪದವೂ ಬಂತು. ಹಳೆಯ ಬಂಗಾಳಿಯಲ್ಲಿ ಅದು 'ಕೇದಾರಾ'. ಮಲಯಾಳದ 'ಕಸೇರ'ವನ್ನೂ ಸಾಮಾನ್ಯವಾಗಿ ಇದೇ ಗುಂಪಿಗೆ ಸೇರಿಸುತ್ತಾರೆ. ಎಲ್ಲಕ್ಕಿಂತ ಕುತೂಹಲದ್ದು ತಮಿಳಿನ ಕಥೆ. ತಮಿಳುನಾಡಿನಲ್ಲಿ ಕುರ್ಚಿಗೆ 'ನಾಱ್ಕಾಲಿ', ಅಂದರೆ ನಾಲ್ಕು ಕಾಲಿನದು. ಅಲ್ಲಿಂದ ಪಾಕ್ ಜಲಸಂಧಿ ದಾಟಿ ಜಾಫ್ನಾಗೆ ಹೋದರೆ ಅದೇ ತಮಿಳಿನಲ್ಲಿ ಅದು 'ಕದಿರೈ'. ಜಾಫ್ನಾವನ್ನು 1619ರಲ್ಲಿ ವಶಪಡಿಸಿಕೊಂಡ ಪೋರ್ಚುಗೀಸರು 1658ರಲ್ಲಿ ಅದನ್ನು ಡಚ್ಚರಿಗೆ ಬಿಟ್ಟುಕೊಟ್ಟು ಹೋದರು. ಕುರ್ಚಿಯ ಹೆಸರು ಮಾತ್ರ ಹೋಗಲಿಲ್ಲ.

ನಮ್ಮಲ್ಲೂ ಇದೇ ಆಗಿದೆ. ಬಾಗಿಲಿನ ಚಾವಿ, ಬಟ್ಟೆ ಇಡುವ ಅಲಮಾರು ಪೋರ್ಚುಗೀಸ್ ಮೂಲದವು, ಪಕ್ಕದ ಕುರ್ಚಿ ಅರಬ್ಬಿ ಮೂಲದ್ದು. ಒಂದು ಸಾಮಾನ್ಯ ಕನ್ನಡ ಮನೆಯ ನಡುಮನೆಯಲ್ಲಿ ಎರಡು ದಾರಿಗಳಿಂದ ಬಂದ ಹೆಸರುಗಳ ಸಾಮಾನು ತುಂಬಿದೆ.

'ಕಾದೇರ'ದ ಹಿಂದಿರುವುದು ಲ್ಯಾಟಿನ್ ಮತ್ತು ಗ್ರೀಕಿನ 'ಕಥೆಡ್ರ'. ಗ್ರೀಕಿನಲ್ಲಿ 'ಕತ' ಎಂದರೆ ಕೆಳಗೆ, 'ಹೆಡ್ರ' ಎಂದರೆ ಆಸನ. ಕ್ರೈಸ್ತ ಬಿಷಪ್ಪರ ಪೀಠಕ್ಕೆ ಈ ಹೆಸರು ಬಂತು, ಆ ಪೀಠ ಇರುವ ಚರ್ಚು 'ಕ್ಯಾಥೆಡ್ರಲ್' ಆಯಿತು. ಅದೇ ಪದ ಫ್ರೆಂಚಿನಲ್ಲಿ ಸವೆದು ಇಂಗ್ಲಿಷಿಗೆ 'ಚೇರ್' ಆಗಿ ಬಂತು. ಅಂದರೆ ಮಂಗಳೂರಿನ ಕದೆಲ್, ಜಾಫ್ನಾದ ಕದಿರೈ, ನಾವು ದಿನವೂ ಅನ್ನುವ ಚೇರು ಅಕ್ಕತಂಗಿಯರು. 'ಹೆಡ್ರ'ದ ಬೇರು ಸಂಸ್ಕೃತದ 'ಸದ್' ಧಾತುವಿಗೂ ಬೇರು. ಸದ್ ಎಂದರೆ ಕೂರುವುದು. ಸದನ, ಸದಸ್ಯ, ಸಂಸತ್ತು, ಪರಿಷತ್ತು, ಉಪನಿಷತ್ತು ಎಲ್ಲವೂ ಈ ಧಾತುವಿನ ಮಕ್ಕಳು. ಸಂಸತ್ತು ಜೊತೆಯಾಗಿ ಕೂರುವುದು, ಪರಿಷತ್ತು ಸುತ್ತ ಕೂರುವುದು, ಉಪನಿಷತ್ತು ಬಳಿಯಲ್ಲಿ ಕೂರುವುದು. 1915ರಲ್ಲಿ ಶುರುವಾದ ನಮ್ಮ ಸಾಹಿತ್ಯ ಪರಿಷತ್ತಿನ ಹೆಸರಿಗೂ ಅದರ ವೇದಿಕೆಯ ಮೇಲಿನ ಚೇರಿಗೂ ಸಾವಿರಾರು ವರ್ಷಗಳ ಹಿಂದಿನ ನೆಂಟಸ್ತಿಕೆ ಇದೆ.

ಇಲ್ಲಿಗೆ ಪಟ್ಟಿ ಮುಗಿಯಿತು. ಇದನ್ನು ಓದಿ 'ಓಹೋ' ಅಂದು ಎದ್ದು ಹೋಗಬಹುದು. ಆದರೆ ಸುತ್ತ ಕೂತ ಆ ಪರಿಷತ್ತಿನೊಳಗೆ, ಬಳಿ ಕೂತ ಆ ಉಪನಿಷತ್ತಿನೊಳಗೆ ಕೂರಲು ಯಾರಿಗೆ ಜಾಗ ಇತ್ತು? ಧಾತು ಇದಕ್ಕೆ ಉತ್ತರ ಕೊಡುವುದಿಲ್ಲ. ಸದ್ ಎಂದರೆ ಕೂರುವುದು ಎಂದಷ್ಟೇ ಹೇಳುತ್ತದೆ, ಯಾರು ಕೂರುವುದು ಎಂದು ಹೇಳುವುದಿಲ್ಲ.

ಉತ್ತರ ಇರುವುದು ಕನ್ನಡ ತನ್ನ ಆಸನಗಳನ್ನು ಹಂಚಿರುವ ರೀತಿಯಲ್ಲಿ. ಕುರ್ಚಿ ಎರವಲು ಬಂತೆಂದರೆ ನಮ್ಮಲ್ಲಿ ಕೂರಲು ಏನೂ ಇರಲಿಲ್ಲ ಎಂದಲ್ಲ. ರಾಜರಿಗೆ ಸಿಂಹಾಸನ ಇತ್ತು. ಗುರುಗಳಿಗೆ ಪೀಠ ಇತ್ತು. ಐಕ್ಯರಾದ ಶರಣರಿಗೆ ಗದ್ದುಗೆ ಇತ್ತು, ಭಕ್ತರು ಅದಕ್ಕೇ ಕೈಮುಗಿಯುತ್ತಿದ್ದರು. ಮನೆಗೆ ಮಣೆ ಇತ್ತು. ಇವುಗಳಲ್ಲಿ ಮಣೆ ದ್ರಾವಿಡದ ಹಳೆಯ ಮನೆಮಾತು, ತಮಿಳಿನಲ್ಲೂ ಅದು 'ಮಣೈ'. ಮಣೆಯ ಸುತ್ತ ಕನ್ನಡ ಕಟ್ಟಿರುವ ಪದಗಳನ್ನು ನೋಡಿದರೆ ಆಸನದ ರಾಜಕಾರಣ ಅಡುಗೆಮನೆಯವರೆಗೂ ಬಂದಿರುವುದು ಕಾಣುತ್ತದೆ. ಗೌರವಿಸುವುದಕ್ಕೆ ನಾವು 'ಮಣೆ ಹಾಕು' ಅನ್ನುತ್ತೇವೆ. ಊಟಕ್ಕೆ ಬಂದ ನೆಂಟನಿಗೆ, ಮನೆಯ ಯಜಮಾನನಿಗೆ ಹಾಕುವ ಮಣೆ ಅದು. ಅದೇ ಮನೆಯ ಹೆಂಗಸಿಗೂ ಮಣೆ ಇದೆ: ಈಳಿಗೆಮಣೆ, ತುರಿಯುವ ಮಣೆ. ಅವಳ ಮಣೆಗೆ ಅಲಗು ಇದೆ. ಅವನು ಮಣೆಯ ಮೇಲೆ ಕೂತರೆ ಊಟ, ಅವಳು ಮಣೆಯ ಮೇಲೆ ಕೂತರೆ ಕೆಲಸ. ಅಲಗಿಲ್ಲದ, ಅಲಂಕಾರದ ಮಣೆ ಅವಳಿಗೆ ಸಿಗುವುದು ಹಸೆಮಣೆಯ ಆ ಒಂದು ದಿನ. ಒಂದೇ ಭಾಷೆಯ ಒಂದೇ ಪದ, ಒಂದೇ ಸೂರಿನ ಕೆಳಗೆ ಎರಡು ಥರ ಕೂರಿಸುತ್ತದೆ. ಪದದ ಮೂಲವನ್ನಷ್ಟೇ ಹೇಳುವ ನಿಘಂಟಿನಲ್ಲಿ ಈ ವ್ಯತ್ಯಾಸ ಸಿಗುವುದಿಲ್ಲ.

ಇದೇ ಹಿನ್ನೆಲೆಯಲ್ಲಿ 'ಶೂನ್ಯಸಿಂಹಾಸನ' ಎಂಬ ಪದವನ್ನು ಮತ್ತೆ ನೋಡಬೇಕು. ಶೂನ್ಯಸಂಪಾದನೆಗಳು ಅಲ್ಲಮನನ್ನು ಕೂರಿಸುವ ಪೀಠದ ಹೆಸರು ಅದು. ಅದರ ತಾತ್ವಿಕ ಅರ್ಥದ ಬಗ್ಗೆ ಬೇಕಾದಷ್ಟು ಬರಹಗಳಿವೆ. ನನಗೆ ಕಾಣುವುದು ಅದರ ಸಾಮಾಜಿಕ ಅರ್ಥವೂ ಹೌದು. ಆಸನದಿಂದಲೇ ಮನುಷ್ಯನ ಎತ್ತರ ಅಳೆಯುವ ಸಮಾಜದಲ್ಲಿ, ಅತಿ ದೊಡ್ಡ ಆಸನಕ್ಕೆ ಶೂನ್ಯ ಎಂದು ಹೆಸರಿಡುವುದು ಸಣ್ಣ ಧೈರ್ಯವಲ್ಲ.

ಹಾಗಾದರೆ ಕುರ್ಚಿ ಬಂದು ಏನು ಬದಲಾಯಿಸಿತು? ಕುರ್ಚಿ ನಮ್ಮಲ್ಲಿಗೆ ಬಡಗಿಯ ಮನೆಯಿಂದ ಬರಲಿಲ್ಲ. ದಫ್ತರು, ಅರ್ಜಿ, ವಕೀಲ, ಶಿರಸ್ತೇದಾರರ ಜೊತೆ ಬಂತು. ಹಾಗಾಗಿ ಕನ್ನಡದಲ್ಲಿ ಅದು ಪೀಠೋಪಕರಣ ಆಗುವುದಕ್ಕಿಂತ ಹೆಚ್ಚಾಗಿ ಅಧಿಕಾರ ಆಯಿತು. ಕುರ್ಚಿ ಕದನ, ಕುರ್ಚಿಗೆ ಅಂಟಿಕೊಂಡವರು, ಕುರ್ಚಿ ಉಳಿಸಿಕೊಳ್ಳುವ ಸರ್ಕಸ್ಸು ಇವೆಲ್ಲ ಪತ್ರಿಕೆಗಳ ದಿನನಿತ್ಯದ ಕನ್ನಡ. ಹಿಂದಿಯಲ್ಲೂ ಹೀಗೇ. 'ಕಿಸ್ಸಾ ಕುರ್ಸಿ ಕಾ' ಎಂಬ ಚಿತ್ರದ ಪ್ರತಿಗಳನ್ನು ತುರ್ತುಪರಿಸ್ಥಿತಿಯ ಕಾಲದಲ್ಲಿ ವಶಪಡಿಸಿಕೊಂಡು ನಾಶ ಮಾಡಿದರು. ಯಾವ ಕುರ್ಚಿಯ ಕಥೆ ಎಂದು ಯಾರಿಗೂ ಬಿಡಿಸಿ ಹೇಳಬೇಕಿರಲಿಲ್ಲ.

ನಮ್ಮ ದೇಶದಲ್ಲಿ ಕೂರುವುದರ ಇನ್ನೊಂದು ಚರಿತ್ರೆಯನ್ನು ಅಂಬೇಡ್ಕರ್ ತಮ್ಮ ಬಾಲ್ಯದ ನೆನಪಿನಲ್ಲಿ ಬರೆದಿದ್ದಾರೆ. ಶಾಲೆಯಲ್ಲಿ ಅವರು ಗೋಣಿತಟ್ಟಿನ ಮೇಲೆ ಬೇರೆಯಾಗಿ ಕೂರಬೇಕಿತ್ತು. ಕೊಠಡಿ ಗುಡಿಸುವ ಆಳು ಅದನ್ನು ಮುಟ್ಟುತ್ತಿರಲಿಲ್ಲವಾದ್ದರಿಂದ ಸಂಜೆ ಅದನ್ನು ಮನೆಗೆ ಒಯ್ದು ಮಾರನೇ ದಿನ ತರಬೇಕಿತ್ತು. ಆ ತಟ್ಟಿಗೆ ಯಾವ ಭಾಷೆಯಲ್ಲೂ ಆಸನ ಎಂಬ ಹೆಸರಿಲ್ಲ. ಇದು ಹಳೆಯ ಕಾಲದ ಮಾತು ಅಂದುಕೊಳ್ಳುವ ಹಾಗೂ ಇಲ್ಲ. 2019ರಲ್ಲಿ ಉತ್ತರಾಖಂಡದ ಮದುವೆಯೊಂದರಲ್ಲಿ ಮೇಲ್ಜಾತಿಯವರ ಎದುರು ಕುರ್ಚಿಯಲ್ಲಿ ಕೂತು ಊಟ ಮಾಡಿದ್ದಕ್ಕೆ ಹಲ್ಲೆಗೊಳಗಾದ ದಲಿತ ಯುವಕ ಸತ್ತನೆಂದು ಪತ್ರಿಕೆಗಳು ವರದಿ ಮಾಡಿದವು. ಆ ಸುದ್ದಿ ಓದಿದ ದಿನ ನನಗೆ 'ಕುರ್ಸಿ' ಪದದ ಅಕ್ಕಾಡಿಯನ್ ಮೂಲ ನೆನಪಾಗಲಿಲ್ಲ, ಅಜ್ಜಿ ನೆನಪಾದಳು. ಅದು ಕೂರುವುದಕ್ಕಲ್ಲ ಎಂದು ಅವಳಿಗೆ ಯಾರೋ, ಯಾವಾಗಲೋ ಕಲಿಸಿದ್ದರು.

ವಿಶ್ವವಿದ್ಯಾಲಯದಲ್ಲೂ ಈ ಪಾಠ ಮುಗಿಯುವುದಿಲ್ಲ. ದೊಡ್ಡವರ ಹೆಸರಿನ ಅಧ್ಯಯನ ಕೇಂದ್ರಕ್ಕೆ ನಾವು 'ಪೀಠ' ಅನ್ನುತ್ತೇವೆ. ಇಂಗ್ಲಿಷಿನಲ್ಲಿ ಚೇರ್, ಅರಬ್ಬಿಯಲ್ಲೂ ಕುರ್ಸಿಯೇ. ಬೇರೆ ಬೇರೆ ಭಾಷೆಗಳ ಈ ಮೂರೂ ಪದಗಳು ವಿದ್ಯೆಯನ್ನು ಆಸನದ ಮೇಲೆಯೇ ಕೂರಿಸಿವೆ. ನಾನು ಕಂಡ ಒಂದು ಕೋಣೆಯಲ್ಲಿ ಎದುರಿಗೆ ಎರಡು ಕುರ್ಚಿ ಖಾಲಿ ಇದ್ದರೂ ಸಂಶೋಧನಾ ವಿದ್ಯಾರ್ಥಿಗಳು ಸಹಿ ಮುಗಿಯುವವರೆಗೂ ನಿಂತೇ ಇರುತ್ತಿದ್ದರು. ಕೂರಬೇಡಿ ಎಂದು ಯಾರೂ ಹೇಳಿರಲಿಲ್ಲ. ಕೂರಿ ಎಂದೂ ಹೇಳಿರಲಿಲ್ಲ. ಧಾರವಾಡದ ಕಡೆಯ ಗೆಳತಿಯೊಬ್ಬಳು ಹೊರಗೆ ಬಂದು, 'ನಮ್ಮ ಊರಾಗ ಹಗೆ ಬಂದ್ರೂ ಮೊದ್ಲ ಕುಂದ್ರಿ ಅಂತಾರ' ಅಂದಿದ್ದಳು. ಕನ್ನಡದ ಆದರ ನಾಮಪದದಲ್ಲಿಲ್ಲ, ಈ ಕ್ರಿಯಾಪದದಲ್ಲಿದೆ ಎಂದು ನನಗೆ ಆಗ ಅನ್ನಿಸಿತು.

ಕಳೆದ ಕೆಲವು ದಶಕಗಳಲ್ಲಿ ಕನ್ನಡ ಸದ್ದಿಲ್ಲದೆ ಒಂದು ಕೆಲಸ ಮಾಡಿದೆ. ಕುರ್ಚಿ ಮತ್ತು ಚೇರು ಎರಡನ್ನೂ ಇಟ್ಟುಕೊಂಡು ಅವುಗಳ ಅರ್ಥವನ್ನು ಬೇರೆ ಮಾಡಿದೆ. ವಿಧಾನಸೌಧದಲ್ಲಿ ಜಗಳ ಆಗುವುದು ಕುರ್ಚಿಗೆ, ಚೇರಿಗಲ್ಲ. ಮದುವೆ ಮನೆಯಲ್ಲಿ, ತಿಥಿಯ ದಿನ ಶಾಮಿಯಾನದ ಕೆಳಗೆ 'ಚೇರು ಹಾಕ್ರೋ' ಎಂದು ಕೂಗುತ್ತಾರೆ. ಕುರ್ಚಿ ಅಧಿಕಾರಕ್ಕೆ, ಚೇರು ಕೂರುವುದಕ್ಕೆ. ಇಂಗ್ಲಿಷ್ ಪದ ಬಂದು ಕನ್ನಡ ಕೆಟ್ಟಿತು ಎನ್ನುವವರು ಇದನ್ನು ಗಮನಿಸಬೇಕು. ಬಿಷಪ್ಪರ ಪೀಠದ ಹೆಸರೊಂದು ಅಷ್ಟು ದೂರದಿಂದ ಸವೆಯುತ್ತಾ ಬಂದು, ಒಂದರ ಮೇಲೊಂದು ಪೇರಿಸಿ ಬಾಡಿಗೆಗೆ ಕೊಡುವ ಪ್ಲಾಸ್ಟಿಕ್ ವಸ್ತುವಿಗೆ ಅಂಟಿಕೊಂಡಿದೆ. ನೂರು ಚೇರೂ ಒಂದೇ ಬಣ್ಣ, ಒಂದೇ ಎತ್ತರ.

ನಮ್ಮ ಮನೆಯಲ್ಲೂ ಈಗ ಅಂಥ ನಾಲ್ಕು ಚೇರುಗಳಿವೆ. ಹೋದ ಸಲ ಊರಿಗೆ ಹೋದಾಗ ಅಜ್ಜಿ ಜಗಲಿಯ ಮೇಲೆ ಒಂದರಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಹಳೆಯ ಮಾತನ್ನು ನೆನಪಿಸಿದೆ. 'ಅದು ಕುರ್ಚಿ ಕಣೋ, ಇದು ಚೇರು' ಅಂದಳು ನಗುತ್ತಾ. ಸ್ವಲ್ಪ ಹೊತ್ತಿಗೆ ಮುಂದಿನ ಬೀದಿಯ ದೊಡ್ಡ ಮನೆಯವರೊಬ್ಬರು ಆ ದಾರಿಯಲ್ಲಿ ಬಂದರು. ಮಂಡಿನೋವಿನ ಅಜ್ಜಿ ಮಡಿಲಿನ ಕಾಯಿಯನ್ನೆಲ್ಲ ಮೊರಕ್ಕೆ ಸುರಿದು, ಚೇರಿನ ಕೈ ಹಿಡಿದು ಎದ್ದು ನಿಂತಳು.