ಚಾಪ್ಲಿನ್ ಚಿತ್ರದ ಪಟ್ಟಿಯೂ ಕಾರ್ಮಿಕನ ಕೈಯೂ

ಚಾರ್ಲಿ ಚಾಪ್ಲಿನ್ನರ 'ಮಾಡರ್ನ್ ಟೈಮ್ಸ್' 1936ರ ಚಿತ್ರ. ಕನ್ವೇಯರ್ ಬೆಲ್ಟ್, ಅಂದರೆ ಸಾಗಣೆ ಪಟ್ಟಿಯ ಮೇಲೆ ಬರುವ ನಟ್ಟುಗಳನ್ನು ಬಿಗಿಮಾಡುವ ಕಾರ್ಮಿಕನೊಬ್ಬ, ತಪ್ಪಿಹೋದ ನಟ್ಟನ್ನು ಬೆನ್ನಟ್ಟಿ ಯಂತ್ರದೊಳಕ್ಕೇ ಜಾರುತ್ತಾನೆ. ಹಲ್ಲುಚಕ್ರಗಳ ನಡುವೆ ಸುತ್ತುತ್ತಾನೆ. ಯಂತ್ರವನ್ನು ಹಿಮ್ಮುಖವಾಗಿ ತಿರುಗಿಸಿದಾಗ ಒಂದು ಗೀರೂ ಇಲ್ಲದೆ ಹೊರಬರುತ್ತಾನೆ. ನಾವು ನಗುತ್ತೇವೆ.

ಭೌತವಿಜ್ಞಾನದ ದೃಷ್ಟಿಯಿಂದ ಈ ದೃಶ್ಯ ಶುದ್ಧ ಸುಳ್ಳು. ಪಟ್ಟಿಯು ಉರುಳೆಯನ್ನು ಸೇರುವ ಸಂದು ಕಬ್ಬಿನ ಗಾಣದಂತೆ ಕೆಲಸ ಮಾಡುತ್ತದೆ. ಜಲ್ಲೆಯ ತುದಿ ಸಿಕ್ಕಿದರೆ ಸಾಕು, ಉಳಿದುದನ್ನು ಘರ್ಷಣೆಯೇ ಒಳಗೆಳೆಯುತ್ತದೆ, ನೂಕಬೇಕಾಗಿಲ್ಲ. ಬೆರಳಿಗೂ ಅದೇ ಗತಿ. ಕೈಗವಸು ಇಲ್ಲಿ ರಕ್ಷಣೆಯಲ್ಲ, ಅದರ ಬಟ್ಟೆಯೇ ಮೊದಲು ಸಿಕ್ಕಿಕೊಳ್ಳುತ್ತದೆ. ಬೀಳುವ ಅಳತೆಪಟ್ಟಿಯನ್ನು ಹಿಡಿಯುವ ಪ್ರಯೋಗವನ್ನು ನೀವು ತರಗತಿಯಲ್ಲಿ ಮಾಡಿಸಿರಬಹುದು. ಚುರುಕಾದ ವಿದ್ಯಾರ್ಥಿಗೂ ಸುಮಾರು 0.2 ಸೆಕೆಂಡು ಬೇಕು. ಸೆಕೆಂಡಿಗೆ 1 ಮೀಟರ್ ವೇಗದ ಪಟ್ಟಿ ಅಷ್ಟರಲ್ಲಿ 20 ಸೆಂಟಿಮೀಟರ್ ಸಾಗಿರುತ್ತದೆ. ವಯಸ್ಕನ ಅಂಗೈ ಮತ್ತು ಬೆರಳು ಸೇರಿದರೂ ಅಷ್ಟು ಉದ್ದವಿಲ್ಲ! ಹಿಮ್ಮುಖ ತಿರುಗಿಸುವುದೂ ಉಪಾಯವಲ್ಲ. ಸಿಕ್ಕ ಕೈಗೆ ಅದರಿಂದ ಇನ್ನಷ್ಟು ಗಾಯವಾಗಬಹುದು. ಮೊದಲು ವಿದ್ಯುತ್ ಕಡಿಯಬೇಕು, ಆಮೇಲೆ ಪಟ್ಟಿಯ ಬಿಗಿ ಸಡಿಲಿಸಬೇಕು.

ಹಾಗಿದ್ದೂ ಈ ಚಿತ್ರ ಅನೇಕ ಸುರಕ್ಷತಾ ಭಿತ್ತಿಪತ್ರಗಳಿಗಿಂತ ಪ್ರಾಮಾಣಿಕವಾದುದು ಎಂದೇ ನನ್ನ ಅಭಿಪ್ರಾಯ. ಭಿತ್ತಿಪತ್ರ 'ಎಚ್ಚರಿಕೆಯಿಂದಿರಿ' ಎಂದು ಕಾರ್ಮಿಕನಿಗೆ ಬುದ್ಧಿ ಹೇಳಿ ಸುಮ್ಮನಾಗುತ್ತದೆ. ಅಪಘಾತವಾದರೆ 'ಅಜಾಗರೂಕತೆ' ಎಂದು ಬರೆದುಕೊಳ್ಳುವುದು ಸುಲಭ. ಚಾಪ್ಲಿನ್ ತೋರಿಸುವುದೇ ಬೇರೆ. ಪಟ್ಟಿಯ ವೇಗ ಹೆಚ್ಚಿಸಲು ಆಜ್ಞೆ ಕೊಡುವವನು ತನ್ನ ಕೊಠಡಿಯಲ್ಲಿದ್ದಾನೆ. ಸನ್ನೆಕೋಲು ಇನ್ನೊಬ್ಬನ ಕೈಯಲ್ಲಿದೆ. ಪಟ್ಟಿಯ ಮುಂದೆ ನಿಂತವನಿಗೆ ಅದನ್ನು ನಿಲ್ಲಿಸುವ ಸಾಧನವೇ ಇಲ್ಲ. ಪಟ್ಟಿಯಿಂದ ದೂರ ಸರಿದರೂ ಅವನ ತೋಳುಗಳು ನಟ್ಟು ತಿರುಗಿಸುತ್ತಲೇ ಇರುತ್ತವೆ. ಇಂತಹ ಕೈ ತಪ್ಪಿದ ವಸ್ತುವಿನತ್ತ ಚಾಚುವುದು ಯೋಚಿಸಿ ಅಲ್ಲ, ಅಭ್ಯಾಸಬಲದಿಂದ. ಅದಕ್ಕೆ ಉಪದೇಶ ತಾಗುವುದಿಲ್ಲ. ಬೆರಳು ತೂರದಂತಹ ಕವಚ ಬೇಕು, ನಿಂತಲ್ಲಿಂದಲೇ ಎಳೆದು ಪಟ್ಟಿ ನಿಲ್ಲಿಸುವ ಹಗ್ಗದ ಸ್ವಿಚ್ ಬೇಕು. ತುರ್ತಿನಲ್ಲಿ ವಿದ್ಯುತ್ ಕಡಿಯುವ ಸಾಧನ ಪ್ರತಿ ಕೆಲಸದ ಕೋಣೆಯಲ್ಲಿಯೂ ಇರಬೇಕೆಂದು ನಮ್ಮ 1948ರ ಕಾರ್ಖಾನೆಗಳ ಕಾಯ್ದೆ ವಿಧಿಸಿತ್ತು.

ಚಿತ್ರದಲ್ಲಿ ಮುಂದೆ ಹಿರಿಯ ಮೆಕ್ಯಾನಿಕ್ ಒಬ್ಬ ಯಂತ್ರದಲ್ಲಿ ಸಿಕ್ಕಿಕೊಳ್ಳುತ್ತಾನೆ, ತಲೆ ಮಾತ್ರ ಹೊರಗೆ. ಅಷ್ಟರಲ್ಲಿ ಊಟದ ಹೊತ್ತಾಗುತ್ತದೆ. ಚಾಪ್ಲಿನ್ ಅವನನ್ನು ಬಿಡಿಸುವುದನ್ನು ಬಿಟ್ಟು, ಅಲ್ಲೇ ಅವನ ಬಾಯಿಗೆ ಊಟ ತುರುಕಲು ತೊಡಗುತ್ತಾನೆ.