ಅರ್ಥಶಾಸ್ತ್ರದ ಪ್ರಶಸ್ತಿಗೆ ಅರ್ಹರು ಯಾರು? ಶ್ರಾವಕಧರ್ಮದ ದೃಷ್ಟಿಯಿಂದ ಒಂದು ವಿಮರ್ಶೆ

ಪ್ರತಿವರ್ಷ ಅಕ್ಟೋಬರ್ ತಿಂಗಳಲ್ಲಿ ಸ್ಟಾಕ್‌ಹೋಮ್ ನಗರದಿಂದ ಅರ್ಥಶಾಸ್ತ್ರದ ಪ್ರಶಸ್ತಿಯ ಘೋಷಣೆ ಹೊರಡುತ್ತದೆ. ಅದಕ್ಕೆ ಮುಂಚಿನ ಕೆಲವು ವಾರಗಳ ಕಾಲ, ಈ ಬಾರಿ ಯಾರಿಗೆ ಎಂಬ ಊಹೆ ವಿದ್ವಾಂಸರ ವಲಯದಲ್ಲಿ ನಡೆದೇ ಇರುತ್ತದೆ. ಯಾರಿಗೆ ಸಿಕ್ಕೀತು ಎಂಬುದು ಕುತೂಹಲದ ಪ್ರಶ್ನೆ. ಯಾರಿಗೆ ಸಲ್ಲಬೇಕು ಎಂಬುದು ನೀತಿಯ ಪ್ರಶ್ನೆ. ಎರಡನೆಯದನ್ನು ಕೇಳುವ ಅಧಿಕಾರ ಅರ್ಥಶಾಸ್ತ್ರಜ್ಞರಿಗೆ ಮಾತ್ರ ಮೀಸಲಾದುದಲ್ಲ. ಸಂಪತ್ತಿನ ಗಳಿಕೆ, ಅದರ ಮಿತಿ, ಅದರ ವಿನಿಯೋಗ ಇವುಗಳನ್ನು ಕುರಿತು ಶತಮಾನಗಳಿಂದ ಚಿಂತಿಸುತ್ತ ಬಂದಿರುವ ಶ್ರಾವಕಪರಂಪರೆಗೂ ಈ ವಿಷಯದಲ್ಲಿ ಹೇಳಬೇಕಾದ ಮಾತಿದೆ.

ಆಲ್‌ಫ್ರೆಡ್ ನೊಬೆಲ್ 1895ರಲ್ಲಿ ಬರೆದ ಉಯಿಲಿನಲ್ಲಿ ಅರ್ಥಶಾಸ್ತ್ರದ ಹೆಸರಿಲ್ಲ. ಸ್ವೀಡನ್ನಿನ ಕೇಂದ್ರ ಬ್ಯಾಂಕು ತನ್ನ ಮುನ್ನೂರನೆಯ ವರ್ಷದ ಸ್ಮರಣೆಗಾಗಿ 1968ರಲ್ಲಿ ಈ ಪ್ರಶಸ್ತಿಯನ್ನು ಸ್ಥಾಪಿಸಿತು. 1969ರಲ್ಲಿ ಮೊದಲ ಪ್ರದಾನ ನಡೆಯಿತು. 1974ರಲ್ಲಿ ಪ್ರಶಸ್ತಿ ಪಡೆದ ಹಾಯೆಕ್ ಅವರೇ, ತಮ್ಮನ್ನು ಕೇಳಿದ್ದರೆ ಇಂಥದೊಂದು ಪ್ರಶಸ್ತಿ ಬೇಡವೆಂದು ಸಲಹೆ ಕೊಡುತ್ತಿದ್ದುದಾಗಿ ಸತ್ಕಾರಕೂಟದಲ್ಲಿ ಹೇಳಿದರು. ಅರ್ಥಶಾಸ್ತ್ರದಲ್ಲಿ ಯಾವ ಒಬ್ಬ ವ್ಯಕ್ತಿಗೂ ಇರಬಾರದಷ್ಟು ಪ್ರಭಾವವನ್ನು ಅದು ತಂದುಕೊಡುತ್ತದೆ ಎಂಬುದು ಅವರ ಆಕ್ಷೇಪ. 1998ರಲ್ಲಿ ಅಮರ್ತ್ಯ ಸೇನ್ ಅವರಿಗೆ ಕಲ್ಯಾಣ ಅರ್ಥಶಾಸ್ತ್ರಕ್ಕಾಗಿ, 2019ರಲ್ಲಿ ಅಭಿಜಿತ್ ಬ್ಯಾನರ್ಜಿ ಮತ್ತು ಅವರ ಇಬ್ಬರು ಸಹವಿದ್ವಾಂಸರಿಗೆ ಬಡತನ ನಿವಾರಣೆಯ ಪ್ರಯೋಗಗಳಿಗಾಗಿ ಅದು ಸಂದಿತು. 2025ರ ಪ್ರಶಸ್ತಿ ನವಶೋಧನೆಯಿಂದ ಆಗುವ ಬೆಳವಣಿಗೆಯನ್ನು ವಿವರಿಸಿದ ಮೂವರಿಗೆ ಹೋಯಿತು. ಬೆಳವಣಿಗೆಯನ್ನು ವಿವರಿಸುವುದು ದೊಡ್ಡ ಕೆಲಸವೇ. ಆದರೆ ಆ ಬೆಳವಣಿಗೆಯ ಲೆಕ್ಕದಲ್ಲಿ ಸೇರದೆ ಉಳಿದವರು ಯಾರು ಎಂದು ಕೇಳುವುದೂ ಅಷ್ಟೇ ದೊಡ್ಡ ಕೆಲಸ.

ಈ ಪ್ರಶ್ನೆಗೆ ತಕ್ಕ ಅಳತೆಯನ್ನು ದೂರದಿಂದ ತರಬೇಕಾಗಿಲ್ಲ. ವಿಜಯಪುರ ಜಿಲ್ಲೆಯ ಬಸವನ ಬಾಗೇವಾಡಿ ತಾಲ್ಲೂಕಿನ ಇಂಗಳೇಶ್ವರ, ಜೈನರಿಗೂ ಶರಣರಿಗೂ ಸ್ಮರಣೀಯವಾದ ಊರು. ಮೂಲಸಂಘದ ದೇಶೀಗಣ, ಪುಸ್ತಕಗಚ್ಛಕ್ಕೆ ಸೇರಿದ ‘ಇಂಗಳೇಶ್ವರ ಬಳಿ’ ಎಂಬ ಮುನಿಪರಂಪರೆ ಈ ಊರಿನ ಹೆಸರನ್ನು ನಾಡಿನ ಶಾಸನಗಳಲ್ಲಿ ಉಳಿಸಿದೆ. ಬಸವಣ್ಣನವರ ಜನ್ಮಸ್ಥಳವೂ ಇದೇ ಎಂಬ ನಂಬಿಕೆ ಬಹುಕಾಲದಿಂದ ಇದೆ. ಒಂದು ಪರಂಪರೆ ಅಪರಿಗ್ರಹವನ್ನು ಬೋಧಿಸಿತು, ಇನ್ನೊಂದು ಕಾಯಕ ದಾಸೋಹಗಳನ್ನು ಬೋಧಿಸಿತು. ತತ್ತ್ವದಲ್ಲಿ ಬೇರೆಯಾದರೂ, ಗಳಿಸಿದ್ದೆಲ್ಲ ಗಳಿಸಿದವನದೇ ಎಂಬ ಮಾತನ್ನು ಎರಡೂ ಒಪ್ಪಲಿಲ್ಲ.

ಉಮಾಸ್ವಾಮಿ ಆಚಾರ್ಯರ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯ ಅಹಿಂಸಾಣುವ್ರತಕ್ಕೆ ಐದು ಅತಿಚಾರಗಳನ್ನು ಹೇಳುತ್ತದೆ. ಜೀವಿಯನ್ನು ಕಟ್ಟಿಹಾಕುವುದು, ಹೊಡೆಯುವುದು, ಅಂಗಚ್ಛೇದ ಮಾಡುವುದು, ಮಿತಿಮೀರಿ ಹೊರೆ ಹೇರುವುದು, ಅನ್ನಪಾನಗಳನ್ನು ತಡೆಯುವುದು. ಕೊನೆಯದು ವಿಶೇಷವಾಗಿ ಗಮನಾರ್ಹ. ಕೊಲ್ಲದೆ ಇದ್ದ ಮಾತ್ರಕ್ಕೆ ವ್ರತ ಪೂರ್ಣವಾಗುವುದಿಲ್ಲ. ತನ್ನ ಆಶ್ರಯದಲ್ಲಿರುವ ಜೀವಕ್ಕೆ ಹೊತ್ತಿಗೆ ಅನ್ನನೀರು ದೊರೆಯದಂತೆ ಮಾಡುವುದೂ ವ್ರತಕ್ಕೆ ಕಳಂಕ. ಅರ್ಥಶಾಸ್ತ್ರಜ್ಞನ ಕೃತಿಯನ್ನು ಈ ಸೂತ್ರದ ಎದುರು ಇಟ್ಟು ನೋಡಿದರೆ ಅದರ ಬೆಲೆ ಬೇರೆ ರೀತಿಯಲ್ಲಿ ತಿಳಿಯುತ್ತದೆ.

ಭಾರತೀಯ ಮೂಲದವರಲ್ಲಿ ಪ್ರಶಸ್ತಿಯ ಊಹೆಯೊಂದಿಗೆ ಪದೇ ಪದೇ ಕೇಳಿಬಂದಿರುವ ಹೆಸರು ಕೇಂಬ್ರಿಜ್‌ನ ಪಾರ್ಥ ದಾಸ್‌ಗುಪ್ತ ಅವರದು. 1942ರಲ್ಲಿ ಢಾಕಾದಲ್ಲಿ ಜನಿಸಿದ ಇವರು ಬ್ರಿಟಿಷ್ ಸರ್ಕಾರದ ಹಣಕಾಸು ಇಲಾಖೆಗಾಗಿ ಜೀವವೈವಿಧ್ಯದ ಅರ್ಥಶಾಸ್ತ್ರವನ್ನು ಕುರಿತು ಸಿದ್ಧಪಡಿಸಿದ ವರದಿ 2021ರಲ್ಲಿ ಪ್ರಕಟವಾಯಿತು. 1992ರಿಂದ 2014ರವರೆಗೆ ಜಗತ್ತಿನಲ್ಲಿ ತಲಾ ಉತ್ಪಾದಿತ ಬಂಡವಾಳ ಇಮ್ಮಡಿಯಾಯಿತು, ಆದರೆ ತಲಾ ನಿಸರ್ಗಸಂಪತ್ತು ಸುಮಾರು ಶೇ. 40ರಷ್ಟು ಕುಸಿಯಿತು ಎಂದು ಅದು ತೋರಿಸಿತು. ಪೃಥ್ವೀಕಾಯ, ಜಲಕಾಯ, ವನಸ್ಪತಿಕಾಯ ಜೀವಗಳನ್ನು ನಂಬಿ, ಪರಿಗ್ರಹಕ್ಕೆ ಪರಿಮಾಣ ಹಾಕಿಕೊಂಡ ಸಮಾಜಕ್ಕೆ ಇದಕ್ಕಿಂತ ಆಪ್ತವಾದ ಅರ್ಥಶಾಸ್ತ್ರ ಸಿಗುವುದು ಕಷ್ಟ. ಆದರೂ ಒಂದು ಭೇದವನ್ನು ಮರೆಯಬಾರದು. ಆ ವರದಿಯಲ್ಲಿ ನಿಸರ್ಗ ಒಂದು ಆಸ್ತಿ. ಜಾಣತನದಿಂದ ಕಾಪಾಡಬೇಕಾದ ಬಂಡವಾಳ. ಜೈನದೃಷ್ಟಿಯಲ್ಲಿ ಅದು ಜೀವಗಳ ಲೋಕ. ಆಸ್ತಿಯ ಭಾಷೆ ನಿಸರ್ಗವನ್ನು ಲೆಕ್ಕಕ್ಕೆ ತಂದಿತು, ಆದರೆ ಒಡೆತನದ ಭಾವವನ್ನು ಕಳೆಯಲಿಲ್ಲ.

ಇನ್ನೊಂದು ಹೆಸರು ಜೀನ್ ಡ್ರೇಜ್ ಅವರದು. 1959ರಲ್ಲಿ ಬೆಲ್ಜಿಯಂನಲ್ಲಿ ಜನಿಸಿ, 1979ರಿಂದ ಭಾರತದಲ್ಲಿ ನೆಲೆಸಿ, 2002ರಲ್ಲಿ ಇಲ್ಲಿನ ಪೌರತ್ವ ಪಡೆದವರು. ಅವರ ಸರಳ ಜೀವನ ಪ್ರಸಿದ್ಧವಾಗಿದೆ. ಆದರೆ ಪ್ರಶಸ್ತಿಯ ಯೋಗ್ಯತೆಯನ್ನು ಅಲ್ಲಿ ಹುಡುಕಬಾರದು. ವಿದ್ವತ್ತಿನ ಪ್ರಶಸ್ತಿಗೆ ವಿದ್ವತ್ತೇ ಆಧಾರವಾಗಬೇಕು. ಅದು ಅವರಲ್ಲಿ ಧಾರಾಳವಾಗಿದೆ. ನಿಕೋಲಸ್ ಸ್ಟರ್ನ್ ಅವರೊಂದಿಗೆ 1987ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ, ಸಾರ್ವಜನಿಕ ಯೋಜನೆಯ ಲಾಭನಷ್ಟವನ್ನು ಮಾರುಕಟ್ಟೆಯ ಬೆಲೆಗೆ ಬದಲಾಗಿ ಸಮಾಜದ ಹಿತವನ್ನು ಆಧರಿಸಿದ ಬೆಲೆಗಳಿಂದ ಅಳೆಯುವ ಸಿದ್ಧಾಂತವನ್ನು ಅವರು ನಿರೂಪಿಸಿದರು. 1989ರಲ್ಲಿ ಅಮರ್ತ್ಯ ಸೇನ್ ಅವರೊಂದಿಗೆ ಹಸಿವು ಮತ್ತು ಸಾರ್ವಜನಿಕ ಕ್ರಿಯೆಯನ್ನು ಕುರಿತ ಗ್ರಂಥ ಹೊರತಂದರು.

1972–73ರ ಮಹಾರಾಷ್ಟ್ರದ ಬರಗಾಲವನ್ನು ಕುರಿತ ಅವರ ಅಧ್ಯಯನ ವಿಜಯಪುರ ಜಿಲ್ಲೆಯ ಓದುಗರಿಗೆ ಸಹಜವಾಗಿಯೇ ಮನನೀಯ. ಇಂಡಿ ತಾಲ್ಲೂಕಿನ ಗಡಿಯಾಚೆಗಿನ ಸೊಲ್ಲಾಪುರ ಸೀಮೆಯೂ ಇಂಗಳೇಶ್ವರದ ಸುತ್ತಲಿನ ಎರೆಭೂಮಿಯಂತೆ ಹಿಂಗಾರಿ ಬಿಳಿಜೋಳವನ್ನು ನೆಚ್ಚಿದ ನೆಲ. ಆ ಬರದಲ್ಲಿ ಮಹಾರಾಷ್ಟ್ರದಲ್ಲಿ ತಲಾ ಧಾನ್ಯ ಅತ್ಯಂತ ಕೆಳಗೆ ಇಳಿದಿತ್ತು. ಆದರೂ ಸಾಮೂಹಿಕ ಮರಣ ಸಂಭವಿಸಲಿಲ್ಲ. 1973ರ ಮೇ ತಿಂಗಳಲ್ಲಿ ಸುಮಾರು 50 ಲಕ್ಷ ಜನ ಬರಪರಿಹಾರದ ಕಾಮಗಾರಿಗಳಲ್ಲಿ ಕೂಲಿ ಪಡೆಯುತ್ತಿದ್ದುದೇ ಇದಕ್ಕೆ ಮುಖ್ಯ ಕಾರಣವೆಂದು ಡ್ರೇಜ್ ತೋರಿಸಿದರು. ದುಡಿಮೆ ಮತ್ತು ಕೂಲಿ ಕೈಗೆ ಬಂದರೆ ಧಾನ್ಯ ಕೊಳ್ಳುವ ಶಕ್ತಿ ಬರುತ್ತದೆ, ಧಾನ್ಯ ಬೇಡಿಕೆಯ ಕಡೆಗೆ ಹರಿದುಬರುತ್ತದೆ. 2005ರ ರಾಷ್ಟ್ರೀಯ ಗ್ರಾಮೀಣ ಉದ್ಯೋಗ ಖಾತರಿ ಕಾಯಿದೆಯ ಕರಡಿನಲ್ಲಿ ಅವರ ಪಾತ್ರವಿತ್ತು. ಪ್ರಯೋಗಗಳಿಂದ ದೊರೆತ ಸಾಕ್ಷ್ಯವೊಂದೇ ನೀತಿಯನ್ನು ನಿರ್ಧರಿಸಲಾರದು, ಮೌಲ್ಯಗಳ ವಿವೇಚನೆಯೂ ಬೇಕು ಎಂಬ ಅವರ ವಾದ 2019ರ ಪ್ರಶಸ್ತಿಗೆ ಪಾತ್ರವಾದ ಮಾರ್ಗಕ್ಕೆ ಒಂದು ಗಂಭೀರ ವಿಮರ್ಶೆಯಾಗಿದೆ.

ಇಷ್ಟರವರೆಗೆ ಯಾವ ಶ್ರಾವಕನಿಗೂ ತಕರಾರಿಲ್ಲ. ತಕರಾರು ಹುಟ್ಟುವುದು ಶಾಲೆಯ ಊಟದ ತಟ್ಟೆಯಲ್ಲಿ. ಬೇಯಿಸಿದ ಬಿಸಿಯೂಟವನ್ನು ಸರ್ಕಾರಿ ಶಾಲೆಗಳಲ್ಲಿ ಕೊಡಬೇಕೆಂದು ಸರ್ವೋಚ್ಚ ನ್ಯಾಯಾಲಯ 2001ರ ನವೆಂಬರಿನಲ್ಲಿ ಆದೇಶಿಸಿತು. ಕರ್ನಾಟಕ 2002ರಲ್ಲಿ ಇದನ್ನು ಆರಂಭಿಸಿ ‘ಅಕ್ಷರ ದಾಸೋಹ’ ಎಂಬ ಅರ್ಥಪೂರ್ಣ ಹೆಸರಿಟ್ಟಿತು. ಆಹಾರದ ಹಕ್ಕಿನ ಆಂದೋಲನದಲ್ಲಿ ಮುಂಚೂಣಿಯಲ್ಲಿದ್ದ ಡ್ರೇಜ್, ಈ ಊಟದಲ್ಲಿ ಮೊಟ್ಟೆ ಇರಬೇಕೆಂದು ಬಹಿರಂಗವಾಗಿ, ಪದೇ ಪದೇ ವಾದಿಸಿದವರು. 2021ರ ಡಿಸೆಂಬರಿನಲ್ಲಿ ರಾಜ್ಯಸರ್ಕಾರ ವಿಜಯಪುರವೂ ಸೇರಿದಂತೆ ಏಳು ಜಿಲ್ಲೆಗಳ ಶಾಲೆಗಳಲ್ಲಿ ಮೊಟ್ಟೆ ಕೊಡತೊಡಗಿತು, ಒಲ್ಲದವರಿಗೆ ಬಾಳೆಹಣ್ಣು. ಹೀಗೆ ಇಂಗಳೇಶ್ವರದ ಸೀಮೆಗೂ ಈ ಪ್ರಶ್ನೆ ಬಂದು ಮುಟ್ಟಿತು. ಕೆಲವು ಮಠಾಧೀಶರೂ ಶಾಕಾಹಾರಿ ಸಮುದಾಯದವರೂ ವಿರೋಧಿಸಿದರು. ಯೋಜನೆ ಅನಂತರ ಇತರ ಜಿಲ್ಲೆಗಳಿಗೂ ವಿಸ್ತರಿಸಿತು.

ಜೈನರ ಆಕ್ಷೇಪ ಕೇವಲ ರೂಢಿಯದಲ್ಲ, ಅದಕ್ಕೆ ಬಲವಾದ ಆಧಾರವಿದೆ. ಮಾರುಕಟ್ಟೆಯ ಮೊಟ್ಟೆಯಲ್ಲಿ ಜೀವವಿಲ್ಲ ಎಂಬ ವಾದ ಅದನ್ನು ಪರಿಹರಿಸುವುದಿಲ್ಲ. ಮೊಟ್ಟೆಯ ಉದ್ಯಮದಲ್ಲಿ ಪಂಚೇಂದ್ರಿಯ ಜೀವಿಯಾದ ಕೋಳಿ ರೆಕ್ಕೆ ಬಿಚ್ಚಲಾಗದ ಪಂಜರದಲ್ಲಿ ಆಯುಷ್ಯ ಕಳೆಯುತ್ತದೆ. ಮೊಟ್ಟೆಯಿಡಲಾರದ ಹುಂಜದ ಮರಿಗಳನ್ನು ಹುಟ್ಟಿದ ಕೂಡಲೇ ಕೊಲ್ಲಲಾಗುತ್ತದೆ. ಕೃತ, ಕಾರಿತ, ಅನುಮೋದಿತ ಎಂಬ ಮೂರು ವಿಧದ ಹೊಣೆಯನ್ನು ಒಪ್ಪಿದವನು ಇದನ್ನು ಕಂಡೂ ಕಾಣದಂತೆ ಇರಲಾರ. ಡ್ರೇಜ್ ಅವರ ಲೆಕ್ಕದಲ್ಲಿ ಈ ಜೀವಕ್ಕೆ ಸ್ಥಾನವಿಲ್ಲ. ಲೆಕ್ಕದಿಂದ ಹೊರಗುಳಿದವರಿಗಾಗಿ ಜೀವಮಾನವಿಡೀ ವಾದಿಸಿದ ವಿದ್ವಾಂಸರಲ್ಲಿ ಇದು ನಿಜವಾದ ನ್ಯೂನತೆ.

ಆದರೆ ಸೂತ್ರದ ಅರ್ಧವನ್ನು ಮಾತ್ರ ಓದುವಂತಿಲ್ಲ. ಪಂಜರದ ಕೋಳಿಯ ಪರವಾಗಿ ನಿಲ್ಲುವುದು ಮೊದಲನೆಯ ಅತಿಚಾರವಾದ ಬಂಧನದ ವಿಚಾರ. ಹಸಿದ ಮಗುವಿನ ಪರವಾಗಿ ನಿಲ್ಲುವುದು ಐದನೆಯದಾದ ಅನ್ನಪಾನನಿರೋಧದ ವಿಚಾರ. ಎರಡನ್ನೂ ಒಂದೇ ಸೂತ್ರ ಹೇಳುತ್ತದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 35ರಷ್ಟು ಮಂದಿ ವಯಸ್ಸಿಗೆ ತಕ್ಕಷ್ಟು ಬೆಳೆದಿಲ್ಲ. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಪ್ರೋಟೀನ್ ಇದೆ. ಒಂದು ಬಾಳೆಹಣ್ಣಿನಲ್ಲಿ ಸುಮಾರು 1 ಗ್ರಾಂ. ಮೊಟ್ಟೆಯನ್ನು ತಟ್ಟೆಯಿಂದ ತೆಗೆಸಿ ಬಾಳೆಹಣ್ಣಿನಿಂದ ತೃಪ್ತರಾದವರು ಯಾರ ಪಾಲನ್ನು ಕಡಿಮೆ ಮಾಡಿದರು ಎಂಬುದನ್ನು ಈ ಅಂಕಿಗಳೇ ಹೇಳುತ್ತವೆ. ಮೊಟ್ಟೆ ತಿನ್ನುವ ಬಡಮನೆಗಳ ಮಕ್ಕಳ ಮೇಲೆ ಮೇಲ್ಜಾತಿಗಳ ಆಹಾರಪದ್ಧತಿಯನ್ನು ಹೇರಬಾರದೆಂಬ ಡ್ರೇಜ್ ಅವರ ಮಾತು ಕಹಿಯಾದರೂ ಕೇಳತಕ್ಕದ್ದು.

ಸುಮಾರು 30 ಗ್ರಾಂ ಶೇಂಗಾ ಬೀಜ ಮೊಟ್ಟೆಯಷ್ಟೇ ಪ್ರೋಟೀನ್ ಕೊಡುತ್ತದೆ. ಅದರಲ್ಲಿಲ್ಲದ ಬಿ-12 ಹಾಲಿನಲ್ಲಿ ದೊರೆಯುತ್ತದೆ. ದಾರಿ ಇದೆ, ಅದಕ್ಕೆ ವೆಚ್ಚವೂ ಇದೆ. ಆ ವೆಚ್ಚವನ್ನು ಯಾರು ಹೊರಬೇಕು? ಮೊಟ್ಟೆ ಬೇಡವೆನ್ನುವವರೇ ಹೊರಬೇಕೆಂಬುದು ಧರ್ಮಕ್ಕೆ ಒಪ್ಪುವ ಉತ್ತರ. ಮೊಟ್ಟೆಯ ಪರವಾಗಿದ್ದವರು ಮಾತಿಗೆ ನಿಲ್ಲಲಿಲ್ಲ. 2024ರಲ್ಲಿ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನ ಸರ್ಕಾರದೊಡನೆ ಒಪ್ಪಂದ ಮಾಡಿಕೊಂಡು ವಾರಕ್ಕೆ ಆರು ದಿನ ಮೊಟ್ಟೆ ದೊರೆಯುವಂತೆ ಹಣ ಒದಗಿಸಿತು. ಅಭಿಷೇಕದ ಕಲಶಕ್ಕೆ ಸವಾಲು ಕೂಗುವಾಗ ಉದಾರವಾಗುವ ಕೈ, ತಾಲ್ಲೂಕಿನ ಶಾಲೆಗಳಿಗೆ ಶೇಂಗಾ ಚಿಕ್ಕಿಯನ್ನೋ ಹಾಲನ್ನೋ ಒದಗಿಸುವಾಗಲೂ ಉದಾರವಾಗಬೇಕು. ಚತುರ್ವಿಧ ದಾನಗಳಲ್ಲಿ ಆಹಾರದಾನವೂ ಒಂದು. ಬಸದಿಯ ಟ್ರಸ್ಟುಗಳ ವಾರ್ಷಿಕ ಲೆಕ್ಕದಲ್ಲಿ ಅದಕ್ಕೊಂದು ಬಾಬು ಇಲ್ಲದಿದ್ದರೆ ಮೊಟ್ಟೆಯ ವಿರೋಧಕ್ಕೆ ನೈತಿಕ ಬಲ ಉಳಿಯುವುದಿಲ್ಲ.

ಗುಣದೋಷಗಳನ್ನು ತೂಗಿ ನೋಡಿದಾಗ, ಪ್ರಶಸ್ತಿ ಜೀನ್ ಡ್ರೇಜ್ ಅವರಿಗೆ ಸಲ್ಲುವುದು ಉಚಿತವೆಂದೇ ಹೇಳಬೇಕಾಗುತ್ತದೆ. ದಾಸ್‌ಗುಪ್ತ ಅವರ ಚಿಂತನೆ ಹೆಚ್ಚು ವ್ಯಾಪಕವಾದುದು. ಡ್ರೇಜ್ ಅವರದು ಹಸಿದವರಿಗೆ ಹೆಚ್ಚು ಹತ್ತಿರವಾದುದು. ಸಿದ್ಧಾಂತ, ಕ್ಷೇತ್ರಾಧ್ಯಯನ, ಕಾನೂನು ಈ ಮೂರನ್ನೂ ಒಂದೇ ಪ್ರಶ್ನೆಗೆ ಜೋಡಿಸಿದವರು ವಿರಳ. ಮೊಟ್ಟೆಯ ವಿಷಯದಲ್ಲಿ ಅವರೊಡನೆ ಜೈನರ ಭಿನ್ನಾಭಿಪ್ರಾಯ ಉಳಿಯುತ್ತದೆ, ಉಳಿಯಬೇಕು. ಆದರೆ ಒಂದು ವಿಷಯದ ಭೇದದಿಂದ ಇಡೀ ಕೃತಿಯನ್ನು ತಿರಸ್ಕರಿಸುವುದು ಏಕಾಂತವಾದವಾದೀತು. ಅನೇಕಾಂತವನ್ನು ಜಗತ್ತಿಗೆ ಕೊಟ್ಟ ಸಮಾಜಕ್ಕೆ ಅದು ಶೋಭಿಸದು. ಸ್ಟಾಕ್‌ಹೋಮ್‌ನ ನಿರ್ಣಯ ಯಾರ ಕೈಯಲ್ಲೂ ಇಲ್ಲ. ಬಸವನ ಬಾಗೇವಾಡಿ, ಇಂಡಿ, ಸಿಂದಗಿ, ಮುದ್ದೇಬಿಹಾಳ ತಾಲ್ಲೂಕುಗಳ ಶಾಲಾಮಕ್ಕಳ ತಟ್ಟೆಗೆ ಏನು ಬೀಳಬೇಕೆಂಬ ನಿರ್ಣಯದಲ್ಲಿ ಮಾತ್ರ ಶ್ರಾವಕರ ಪಾಲು ಖಂಡಿತವಾಗಿ ಇದೆ.